ಕೆಂಕಾಉ ಮೂರು

ಸೆಪ್ಟೆಂಬರ್ 4

ಶರತ್ಕಾಲದ ಪಕ್ಷಿ ಗಣತಿ ನಡೆಸುವವರಿಗೆ ನಮಸ್ಕಾರ.

ನಿಮ್ಮ ವಿಳಾಸ ನನಗೆ ಸಿಕ್ಕಿದ್ದು ಒಂದು ಪ್ರೆಶರ್ ಗೇಜಿನ ಪೆಟ್ಟಿಗೆಯಲ್ಲಿ. ಗಾಜು ಒಡೆಯದಿರಲಿ ಎಂದು ಯಾರೋ ಅದಕ್ಕೆ ನಿಮ್ಮ ಹಳೆಯ ಸಂಚಿಕೆಯನ್ನು ಸುತ್ತಿ ಕಳಿಸಿದ್ದರು. ಸುಕ್ಕು ಬಿಡಿಸಿ, ಊಟದ ಬಿಡುವಿನಲ್ಲಿ ಎಂಟೂ ಪುಟ ಓದಿದೆ. ಬೇರೆ ಬೇರೆ ಊರಿನವರು ತಾವು ನೋಡಿದ ಹಕ್ಕಿಗಳ ಎಣಿಕೆಯನ್ನು ಕಾರ್ಡಿನಲ್ಲಿ ಬರೆದು ಕಳಿಸುತ್ತಾರೆ, ನೀವು ಅದನ್ನೆಲ್ಲ ಸೇರಿಸಿ ಅಚ್ಚುಹಾಕಿಸುತ್ತೀರಿ ಎಂದು ತಿಳಿಯಿತು. ಆದರೆ ಪುಟದ ತುಂಬ 'ಮೆಹ 4, ಸಕೊಬಾ 12, ಬಿಸಿ 2' ಎಂದಿದೆ. ಬಿಸಿ ಎರಡು ಎಂದರೇನು ಎಂದು ನಮ್ಮ ಲ್ಯಾಬಿನವರನ್ನು ಕೇಳಿದೆ. "ಎರಡು ಬಿಸಿ ಟೀ ಇರ್ಬೇಕು ಬಿಡಿ" ಅಂದರು.

ನಾನು ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಆಪರೇಟರ್. ಊರಿನ ಚರಂಡಿ ನೀರೆಲ್ಲ ಇಲ್ಲಿಗೆ ಬಂದು, ನಾಲ್ಕು ಕೊಳ ದಾಟಿ, ತಿಳಿಯಾಗಿ ಹೊಳೆ ಸೇರುತ್ತದೆ. ಗಂಟೆಗೊಮ್ಮೆ ಕೊಳಗಳನ್ನು ಸುತ್ತಿ ನೊರೆ, ನೀರಿನ ಮಟ್ಟ, ಪಂಪಿನ ಸದ್ದು ಇವನ್ನು ಗಮನಿಸಿ ಬರೆದಿಡುವುದು ನನ್ನ ಕೆಲಸ. ಒಂಬತ್ತು ವರ್ಷ ಹೀಗೆ ಸುತ್ತಿದ ಮೇಲೆ ಹಕ್ಕಿಗಳನ್ನು ನೋಡದೆ ಇರುವುದೇ ಕಷ್ಟ. ಹೆಸರು ಗೊತ್ತಿಲ್ಲದ್ದರಿಂದ ನಾನೇ ಇಟ್ಟುಕೊಂಡಿದ್ದೇನೆ: ಊರುಗೋಲಿನವನು, ಸಲಿಕೆ ಮೂತಿ, ಬಾಲ ಕುಣಿಸುವ ಬೀಗತಿ.

ಕೇಳಬೇಕಾದ್ದು ಒಂದೇ. ಇಂಥ ಜಾಗದಲ್ಲಿ ಕಂಡ ಹಕ್ಕಿ ನಿಮ್ಮ ಪಟ್ಟಿಗೆ ನಡೆಯುತ್ತದೆಯೇ?

ಇಂತಿ,
ಒಬ್ಬಳು ಶಿಫ್ಟ್ ಆಪರೇಟರ್


ಸೆಪ್ಟೆಂಬರ್ 13

ಆಪರೇಟರಮ್ಮನವರಿಗೆ,

ನಡೆಯುತ್ತದೆ. ಹಕ್ಕಿಗಳು ಮೂಗು ಮುಚ್ಚಿಕೊಂಡು ಇಳಿಯುವುದಿಲ್ಲ. ಪಟ್ಟಿ ಮಾಡುವ ನಾನೇಕೆ ಮುಚ್ಚಿಕೊಳ್ಳಲಿ? ಚಳಿಯ ನಾಡಿನಿಂದ ದಣಿದು ಬರುವ ನೀರುಹಕ್ಕಿಗಳಿಗೆ ನಿಮ್ಮ ಕೊಳಗಳಷ್ಟು ಹುಳುಹುಪ್ಪಟೆ ಬೇರೆಲ್ಲೂ ಸಿಗಲಾರದು.

ನಿಮ್ಮ ಪತ್ರವನ್ನು ಮೂರು ಸಲ ಓದಿಸಿಕೊಂಡು ನಾನೂ ನನ್ನ ತಂಗಿಯೂ ನಕ್ಕೆವು. ಬಿಸಿ ಎಂದರೆ ಬಿಳಿ ಸಿಪಿಲೆ, ಅಂದರೆ ನಿಮ್ಮ ಬೀಗತಿ. ಊರುಗೋಲಿನವನು ಮೆಟ್ಟುಗಾಲು ಹಕ್ಕಿ, ಮೆಹ. ಸಲಿಕೆ ಮೂತಿಗೆ ಸಲಿಕೆ ಕೊಕ್ಕಿನ ಬಾತು ಎಂದು ಹೆಸರು, ಅದು ಸಕೊಬಾ. ನಾನು ಮೂವತ್ತನಾಲ್ಕು ವರ್ಷ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರನಾಗಿದ್ದವನು. ಪದಗಳನ್ನು ಮೊಟಕು ಮಾಡದಿದ್ದರೆ ಕೈ ಕೇಳುವುದಿಲ್ಲ. ಅರ್ಧದಷ್ಟು ಸಂಕ್ಷೇಪಗಳು ನನ್ನವೇ. ಅವುಗಳ ಬಗ್ಗೆ ಸ್ವಲ್ಪ ಜಂಬವೂ ಇದೆ.

ಪೂರ್ತಿ ಪಟ್ಟಿ ಜೊತೆಗಿದೆ. ಒಂದು ಎಚ್ಚರಿಕೆ. ಕೆಂಕಾಉ ಎಂದರೆ ಕೆಂಪು ಕಾಲಿನ ಉಲ್ಲಂಕಿ. ನಿಮ್ಮಲ್ಲಿ ದಂಡಿಯಾಗಿರುತ್ತದೆ. ಅದರ ದಾಯಾದಿ ಕೆಂಕುಉ, ಕೆಂಪು ಕುತ್ತಿಗೆಯ ಉಲ್ಲಂಕಿ. ಅದು ನೀರಿನ ಮೇಲೆ ಬುಗುರಿಯ ಹಾಗೆ ತಿರುಗುತ್ತ ಮೇಯುತ್ತದೆ. ಶರತ್ಕಾಲದಲ್ಲಿ ಕುತ್ತಿಗೆಯ ಕೆಂಪೂ ಇರುವುದಿಲ್ಲ. ಅದರ ಚಿಂತೆ ನಿಮಗೆ ಬೇಡ, ಹತ್ತೊಂಬತ್ತು ವರ್ಷದಿಂದ ನಮ್ಮಲ್ಲಿ ಯಾರೂ ಅದನ್ನು ಕಂಡಿಲ್ಲ.

ಕಾರ್ಡಿನಲ್ಲಿ ದಪ್ಪ ಅಕ್ಷರ, ಕಪ್ಪು ಶಾಯಿ ಇರಲಿ.

ಗಣತಿಯವನು


ಸೆಪ್ಟೆಂಬರ್ 28

ಗಣತಿ ಮೇಷ್ಟ್ರಿಗೆ,

ಶಾಯಿ, ಅಕ್ಷರದ ಮಾತೆತ್ತಿದ್ದು ನೋಡಿ ನಾಚಿಕೆಯಾಯಿತು. ನನ್ನ ಬರಹ ಕೋಳಿ ಕೆದಕಿದ ಹಾಗಿದೆ ಎಂದು ನೀವು ಹೇಳದೆ ಹೇಳಿದಿರಿ. ಹೊಸ ಪೆನ್ನು ಕೊಂಡಿದ್ದೇನೆ. ಮೊದಲ ಕಾರ್ಡು ಇದರೊಂದಿಗಿದೆ. ಬೆಳಗಿನ ಶಿಫ್ಟು, ನಾಲ್ಕನೇ ಕೊಳ: ಸಕೊಬಾ 46, ಮೆಹ 11, ಬಿಸಿ 7, ಕೆಂಕಾಉ 3.

ಹೆಸರು ಗೊತ್ತಾದ ಮೇಲೆ ಹಕ್ಕಿಗಳು ಹೆಚ್ಚಾದ ಹಾಗಿವೆ. ಹಾಗೆಂದು ಅಮ್ಮನಿಗೆ ಹೇಳಿದರೆ, "ಹೆಚ್ಚಾಗಿಲ್ಲ ಕಣೇ, ಈಗ ನೀನು ನೋಡ್ತಿದ್ದೀಯ ಅಷ್ಟೆ" ಅಂದಳು. ಅಮ್ಮ, ಅಣ್ಣ, ಅತ್ತಿಗೆ, ನಾನು ಒಂದೇ ಮನೆಯಲ್ಲಿದ್ದೇವೆ. ಅತ್ತಿಗೆ ಒಳ್ಳೆಯವಳು. ಆದರೆ ನೆಂಟರು ಬಂದಾಗ "ನಮ್ಮ ನಾದಿನಿ ನೀರು ಸರಬರಾಜಿನಲ್ಲಿದ್ದಾಳೆ" ಎನ್ನುತ್ತಾಳೆ. ಕೊಳಚೆ ಎಂಬ ಮಾತು ಮಾತ್ರ ಬಾಯಿಂದ ಬರುವುದಿಲ್ಲ.

ಒಂದು ಬೇಸರದ ಸುದ್ದಿಯೂ ಇದೆ. ಹೊಸ ಯಂತ್ರ ಬಂದದ್ದರಿಂದ ನಾಲ್ಕನೇ ಕೊಳ ಇನ್ನು ಬೇಕಾಗಿಲ್ಲವಂತೆ. ಮಣ್ಣು ತುಂಬಿಸಿ ಟ್ಯಾಂಕರ್ ನಿಲ್ಲಿಸುವ ಜಾಗ ಮಾಡುತ್ತಾರಂತೆ. "ಅಲ್ಲಿ ಹಕ್ಕಿಗಳಿವೆ ಸಾರ್" ಎಂದೆ. ಸೂಪರ್‌ವೈಸರ್ ಕಡತದಿಂದ ತಲೆ ಎತ್ತದೆ, "ಅವಕ್ಕೂ ಹಾಜರಿ ಹಾಕ್ಬೇಕೇನಮ್ಮ?" ಎಂದರು.

ನಾಲ್ಕನೇ ಕೊಳದವಳು


ಅಕ್ಟೋಬರ್ 9

ಆಪರೇಟರಮ್ಮಾ,

ನಾನು ಪತ್ರಕ್ಕಿಂತ ಮೊದಲು ಸಂಚಿಕೆಯನ್ನೇ ಕಳಿಸಿದೆ, ಅಷ್ಟು ಅವಸರ. ಮೊದಲ ಪುಟ ನೋಡಿರಬೇಕಲ್ಲ? ಕೆಂಕುಉ 3. ಹತ್ತೊಂಬತ್ತು ವರ್ಷದ ಮೇಲೆ, ಅದೂ ಒಂದಲ್ಲ, ಮೂರು. ನೀವು ಬಸ್ಸು ಬಂತು ಎನ್ನುವಷ್ಟು ಸಲೀಸಾಗಿ ಬರೆದು, ಮುಂದಿನ ಸಾಲಿನಲ್ಲಿ ಅತ್ತಿಗೆಯ ಸುದ್ದಿಗೆ ಹೋದಿರಿ. ನಾನು ಮಾತ್ರ ಕಾರ್ಡು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಮನೆಯಿಂದ ಹೊರಗೆ ಹೋಗುವುದು ಕಡಿಮೆಯಾದ ನನ್ನಂಥವನಿಗೆ ಇದೆಂಥ ಕೊಡುಗೆ ಎಂದು ನಿಮಗೆ ಗೊತ್ತಿರಲಾರದು.

ಭಾನುವಾರ ನಮ್ಮವರು ನಿಮ್ಮಲ್ಲಿಗೆ ಬರುತ್ತಾರೆ. ಬೂಟು ಒರೆಸಿಕೊಂಡು ಒಳಗೆ ಬನ್ನಿ ಎಂದು ಎಲ್ಲರಿಗೂ ಹೇಳಿದ್ದೇನೆ. ನಿಮಗೆ ನೂರು ವಂದನೆ.

ಗಣತಿಯವನು


ಅಕ್ಟೋಬರ್ 15

ಮೇಷ್ಟ್ರೇ,

ಭಾನುವಾರ ನಲವತ್ತೊಂದು ಜನ ಬಂದರು. ಗೇಟಿನ ಪುಸ್ತಕದಲ್ಲಿ ಸಹಿ ಹಾಕಲು ಸಾಲಾಗಿ ನಿಂತರು. ನಮ್ಮ ಗೇಟಿನಲ್ಲಿ ಹೀಗೆ ಸಾಲು ನಿಂತದ್ದನ್ನು ನಾನು ಕಂಡೇ ಇಲ್ಲ. ದುರ್ಬೀನುಗಳು, ಮೂರು ಕಾಲಿನ ಸ್ಟ್ಯಾಂಡುಗಳು, ಫ್ಲಾಸ್ಕುಗಳು. ಸೂಪರ್‌ವೈಸರ್ ತಮ್ಮ ಕೋಣೆಯ ಕುರ್ಚಿಗಳನ್ನು ತರಿಸಿ ಕೊಳದ ದಂಡೆಯಲ್ಲಿ ಹಾಕಿಸಿದರು. "ನಮ್ಮ ಆಪರೇಟರ್ ಕಣ್ಣು ಅಂದ್ರೆ ಕಣ್ಣು" ಎಂದು ಯಾರಿಗೋ ಹೇಳುತ್ತಿದ್ದರು. ನಾಲ್ಕನೇ ಕೊಳದ ಮಾತು ನವೆಂಬರ್ ಇಪ್ಪತ್ತರ ಇಂಜಿನಿಯರುಗಳ ಸಭೆಗೆ ಹೋಗಿದೆ. ಅಲ್ಲಿಯವರೆಗೆ ಮಣ್ಣು ಹಾಕುವ ಹಾಗಿಲ್ಲ.

ಅತ್ತಿಗೆ ತನ್ನ ತವರಿನವರನ್ನು ಕರೆದುಕೊಂಡು ಬಂದಿದ್ದಳು. "ಇದೇ ನೋಡಿ, ನಮ್ಮ ನಾದಿನಿಯ ಕೊಳಚೆ ಘಟಕ" ಅಂದಳು. ಆ ಮಾತನ್ನು ಅಷ್ಟು ಗಟ್ಟಿಯಾಗಿ ಅವಳು ಹೇಳಿದ್ದು ಅದೇ ಮೊದಲು.

ಆ ಮೂರು ಹಕ್ಕಿಗಳು ಯಾರಿಗೂ ಕಾಣಲಿಲ್ಲ. ಹಕ್ಕಿಗಳಲ್ಲವೇ, ಹೋಗಿರುತ್ತವೆ ಎಂದರು ಎಲ್ಲರೂ. ಹಳೆಯ ಹಕ್ಕಿಗಳು ಚೆನ್ನಾಗಿವೆ. ಕೆಲಸ ಬಹಳ ಇರುವುದರಿಂದ ಇಷ್ಟಕ್ಕೇ ನಿಲ್ಲಿಸುತ್ತೇನೆ.

ಆಪರೇಟರ್


ಅಕ್ಟೋಬರ್ 20

ಆಪರೇಟರಮ್ಮನವರಿಗೆ,

ನಿಮ್ಮ ಪತ್ರ ಚಿಕ್ಕದಾಯಿತು. ಜನ ಮುತ್ತಿಕೊಂಡು ದಣಿಸಿರಬೇಕು.

ಒಂದು ಕಾಗದದ ಕೆಲಸ ಬಾಕಿಯಿದೆ. ಅಪರೂಪದ ಹಕ್ಕಿಗೆ ನಾವು ವಿವರಣೆ ಕೇಳುವ ರೂಢಿಯಿದೆ: ಕೊಕ್ಕು ಹೇಗಿತ್ತು, ಏನು ಮಾಡುತ್ತಿತ್ತು, ಎಷ್ಟು ದೂರದಿಂದ ನೋಡಿದಿರಿ. ನಮ್ಮ ಗಣತಿ ಬಳಗದ ಹಲ್ಲಿನ ಡಾಕ್ಟರು ಬಹಳ ಕಟ್ಟುನಿಟ್ಟಿನವರು. "ಮೊದಲ ಕಾರ್ಡಿನಲ್ಲೇ ಇಂಥದ್ದಾ?" ಎಂದು ರಾಗ ಎಳೆದರು. ನಾನು ಬಿಡಲಿಲ್ಲ. ನ್ಯಾಯಾಲಯದಲ್ಲಿ ನಾನು ಬರೆದ ಒಂದು ಪದವನ್ನೂ ನ್ಯಾಯಾಧೀಶರು ತಿದ್ದಿದವರಲ್ಲ, ನನ್ನ ಪುಟದಲ್ಲಿ ಬಂದದ್ದಕ್ಕೆ ನಾನು ಹೊಣೆ ಎಂದೆ.

ನಾಲ್ಕು ಸಾಲು ಬರೆದರೆ ಸಾಕು. ಆತುರವಿಲ್ಲ.

ಗಣತಿಯವನು


ನವೆಂಬರ್ 2

ಅಮ್ಮಾ,

ಹದಿಮೂರು ದಿನವಾಯಿತು, ಉತ್ತರವಿಲ್ಲ. ವಿವರಣೆ ಕೇಳಿದ್ದು ಅನುಮಾನ ಪಟ್ಟ ಹಾಗಾಯಿತು ಎಂದು ತಂಗಿ ನನ್ನನ್ನು ಗದರಿದಳು. ನೊಂದಿದ್ದರೆ ಕ್ಷಮಿಸಿ. ವಿವರಣೆ ಬೇಡ. ಬರಿಯ ಬಿಸಿ, ಸಕೊಬಾ ಎಷ್ಟು ಬಂದವೆಂದು ಬರೆದರೂ ಸಂತೋಷವೇ.


ನವೆಂಬರ್ 6

ಮೇಷ್ಟ್ರೇ,

ನೀವು ಕ್ಷಮೆ ಕೇಳಿದಿರಿ. ಅದನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ.

ಆ ಹಕ್ಕಿ ಬಂದಿರಲಿಲ್ಲ. ನಾನು ನೋಡಿದ್ದು ಕೆಂಪು ಕಾಲಿನವು, ಮೂರು. ಬರೆದದ್ದೂ ಕೆಂಕಾಉ ಎಂದೇ. ಸಂಚಿಕೆ ಬಿಚ್ಚಿದ ತಕ್ಷಣ ಕಾ ಹೋಗಿ ಕು ಆಗಿರುವುದು ಗೊತ್ತಾಯಿತು. ತಪ್ಪಾಗಿದೆ ಎಂದು ಬರೆಯಲು ಅಂದೇ ಕಾರ್ಡು ತೆಗೆದಿದ್ದೆ. ಅಷ್ಟರಲ್ಲಿ ಸೂಪರ್‌ವೈಸರ್ ಸಂಚಿಕೆ ಹಿಡಿದು ಬಂದರು. ಒಂಬತ್ತು ವರ್ಷದಲ್ಲಿ ಮೊದಲ ಸಲ "ಕೂತ್ಕೊಳ್ಳಮ್ಮ" ಎಂದರು. ಕೂತೆ. ಕೂತವಳು ಆಮೇಲೆ ಏಳಲಿಲ್ಲ ಎಂದೇ ಇಟ್ಟುಕೊಳ್ಳಿ. ಕೊಳ ಉಳಿದರೆ ಉಳಿಯಲಿ, ನಾನೇನೂ ಸುಳ್ಳು ಬರೆದಿಲ್ಲವಲ್ಲ, ಅಚ್ಚಿನವರ ತಪ್ಪು ಎಂದು ಸಮಾಧಾನ ಹೇಳಿಕೊಂಡೆ.

ಆದರೆ ಸುಳ್ಳನ್ನೂ ಹೇಳಿದೆ. ಕೋಲು ಹಿಡಿದ ಹಿರಿಯ ಹೆಂಗಸೊಬ್ಬರು ಎರಡು ಬಸ್ಸು ಬದಲಾಯಿಸಿ ಮೂರು ಸಲ ಬಂದರು. ಮೂರನೆಯ ಸಲ ಮಧ್ಯಾಹ್ನದವರೆಗೆ ದಂಡೆಯಲ್ಲೇ ಇದ್ದರು. ನಾನು ಸುತ್ತು ಬಂದಾಗ ಕೇಳಿದರು:

"ಅವು ತಿರುಗ್ತವಲ್ಲಮ್ಮ, ಯಾವ ಕಡೆಗೆ ತಿರುಗ್ತಿದ್ವು? ಎಡಕ್ಕೋ ಬಲಕ್ಕೋ?"

"ಎಡಕ್ಕೆ" ಎಂದೆ. ಬಾಯಿಗೆ ಬಂದದ್ದು ಅದು.

ಅವರು ಸಣ್ಣ ಪುಸ್ತಕ ತೆಗೆದು ಬರೆದುಕೊಂಡರು. "ನೋಡಿದೋರು ಹೇಳಿದ್ರೆ ಅರ್ಧ ನೋಡಿದ ಹಾಗೇ. ಬಹಳ ಉಪಕಾರ" ಎಂದು ನನ್ನ ಕೈ ಹಿಡಿದುಕೊಂಡರು. ಬೆಚ್ಚಗಿತ್ತು ಅವರ ಕೈ. ನಾನು ಪಂಪ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ನಿನ್ನೆ ಸೂಪರ್‌ವೈಸರಿಗೆ ಹೇಳಿದೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಸಭೆಗೆ ಇನ್ನು ಹದಿನೈದೇ ದಿನ ಇದೆ, ಈಗ ಹೇಳ್ತೀಯಲ್ಲಮ್ಮ" ಎಂದರು. ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ತಿದ್ದುಪಡಿ ಹಾಕಿ. ಆಪರೇಟರಮ್ಮನ ಅಕ್ಷರ ಸರಿಯಿಲ್ಲದ್ದರಿಂದ ಹೀಗಾಯಿತು ಎಂದೇ ಹಾಕಿ. ನೀವು ಡಾಕ್ಟರ ಮುಂದೆ ನನ್ನ ಪರವಾಗಿ ನಿಂತಿರಿ.


ನವೆಂಬರ್ 12

ತಾಯಿ,

ನಿಮ್ಮ ಸೆಪ್ಟೆಂಬರ್ ಕಾರ್ಡು ಹುಡುಕಿ ತೆಗೆದು ತಂಗಿಯ ಕೈಗೆ ಕೊಟ್ಟೆ. "ಕೊನೇ ಸಾಲು ಓದು" ಎಂದೆ. "ಕೆಂಕಾಉ ಮೂರು" ಎಂದಳು, ತಡವರಿಸದೆ. "ಸರಿಯಾಗಿ ನೋಡು, ಕು ಅಲ್ವಾ?" ಎಂದೆ. "ಇಷ್ಟು ದಪ್ಪಕ್ಕೆ ಕಾ ಅಂತ ಬರೆದಿದ್ದಾರಲ್ಲಣ್ಣ" ಎಂದಳು.

ನಿಮ್ಮ ಅಕ್ಷರಕ್ಕೆ ಏನೂ ಆಗಿಲ್ಲ. ನನ್ನ ಕಣ್ಣಿಗೆ ಆಗಿದೆ. ನಡುಭಾಗ ಸವೆಯುತ್ತ ಹೋಗುವ ಕಾಯಿಲೆ. ಯಾವ ಅಕ್ಷರವನ್ನು ನೆಟ್ಟಗೆ ನೋಡುತ್ತೇನೋ ಅದೇ ಮಾಯವಾಗುತ್ತದೆ. ಅಕ್ಕಪಕ್ಕದ್ದು ಮಾತ್ರ ಕಾಣುತ್ತದೆ. ಪತ್ರಗಳನ್ನು ತಂಗಿ ಓದಿ ಹೇಳುತ್ತಾಳೆ. ಆದರೆ ಕಾರ್ಡುಗಳನ್ನೂ ಪತ್ರದೊಳಗಿನ ಎಣಿಕೆಯ ಸಾಲನ್ನೂ ಇನ್ನೊಬ್ಬರಿಗೆ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಭೂತಗನ್ನಡಿ ಹಿಡಿದು, ಓರೆಯಾಗಿ ನೋಡಿ, ಊಹಿಸಿ ಓದುತ್ತಿದ್ದೆ. ನಾನು ಹೇಳಿದ್ದನ್ನು ಅವಳು ನಕಲು ಮಾಡುತ್ತಿದ್ದಳು. ಅಂದು ಆ ಸಾಲಿನಲ್ಲಿ ಕಾ ಇತ್ತೋ ಕು ಇತ್ತೋ ನನಗೆ ನಿಜವಾಗಿ ಕಾಣಲಿಲ್ಲ. ಯಾವುದು ಬೇಕಿತ್ತೋ ಅದನ್ನು ಓದಿಕೊಂಡೆ. ದಪ್ಪ ಅಕ್ಷರ ಕೇಳಿದ್ದು ನಿಮ್ಮ ಬರಹ ಕೆಟ್ಟದ್ದೆಂದಲ್ಲ. ಅದನ್ನು ಅಂದೇ ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ತಿದ್ದುಪಡಿ ನನ್ನ ಹೆಸರಿನಲ್ಲಿ ಅಚ್ಚಿಗೆ ಹೋಗಿದೆ, ಕಣ್ಣಿನ ವಿಷಯವೂ ಸೇರಿ. ಬರೆದು ಮುಗಿಸಿದಾಗ ವರ್ಷದಿಂದ ಬಿಗಿಹಿಡಿದಿದ್ದ ಉಸಿರು ಬಿಟ್ಟ ಹಾಗಾಯಿತು. ನೀವು ಹೇಳದೆ ಇದ್ದಿದ್ದರೆ ಇಂಥದ್ದು ಇನ್ನೆಷ್ಟು ಮಾಡುತ್ತಿದ್ದೆನೋ. ಹೆದರಿಕೊಂಡು ಹದಿಮೂರು ದಿನ ಸುಮ್ಮನಿದ್ದಿರಿ ಎಂದು ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ನಾನು ಸುಮ್ಮನಿದ್ದದ್ದು ಹದಿಮೂರು ತಿಂಗಳು.

ಆದರೆ ಆ 'ಎಡಕ್ಕೆ' ಎಂಬ ಮಾತನ್ನು ನಾನು ತಿದ್ದಲಾರೆ, ಅದು ನಿಮ್ಮದು. ಕೋಲಿನವರು ನನಗೆ ಗೊತ್ತು, ಬಟ್ಟೆ ಹೊಲಿಯುತ್ತಿದ್ದವರು. ನಮಗೆ ಬಹಳ ವರ್ಷದಿಂದ ಕಾರ್ಡು ಕಳಿಸುವವರು. ವಿಳಾಸ ಕೆಳಗಿದೆ.

ಋಣಿಯಾದ,
ಗಣತಿಯವನು


ನವೆಂಬರ್ 24

ಮೇಷ್ಟ್ರೇ,

ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. "ಅವರ ಕಣ್ಣಿಗೆ ಒಳ್ಳೇದಾಗ್ಲಿ, ಮನಸ್ಸು ದೊಡ್ಡದು" ಅಂದಳು. ನನಗೆ ಅದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಹೊಲಿಗೆಯಮ್ಮನ ಮನೆಗೆ ರಜೆಯ ದಿನ ಹೋದೆ. ಎರಡು ಬಸ್ಸು ಎಂದರೆ ಎಷ್ಟು ದೂರ ಎಂದು ಕೂತು ಹೋದಾಗಲೇ ತಿಳಿದದ್ದು. ಒಂದೇ ಕೋಣೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅದರ ಮೇಲೆ ದುರ್ಬೀನು. ನಿಮ್ಮ ತಿದ್ದುಪಡಿ ಅವರಿಗೆ ಮೊದಲೇ ತಲುಪಿತ್ತು. ನಾನು ಬಾಗಿಲಲ್ಲೇ ನಿಂತು, ಕಂಠಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿದೆ.

"ಅದು ಅಚ್ಚಲ್ಲಿ ಬಂದಿದೆಯಲ್ಲಮ್ಮ, ಹಕ್ಕಿ ಇರ್ಲಿಲ್ಲ ಅಂತ" ಎಂದರು.

"ಎಡಕ್ಕೆ ಅಂದದ್ದು ಅಚ್ಚಲ್ಲಿ ಬಂದಿಲ್ಲಮ್ಮ. ಅದನ್ನ ನಾನೇ ಹೇಳ್ಬೇಕಿತ್ತು."

ಅವರ ಮುಖದಲ್ಲಿ ನೋವಿತ್ತು, ಇಲ್ಲವೆಂದು ಹೇಳಲಾರೆ. ಆಮೇಲೆ ಪುಸ್ತಕ ತೆಗೆದು, ಅಳತೆಪಟ್ಟಿ ಇಟ್ಟು, ಆ ಸಾಲಿನ ಮೇಲೆ ನೇರವಾಗಿ ಒಂದು ಗೆರೆ ಎಳೆದರು.

"ತಪ್ಪು ಹೊಲಿಗೆ ಬಿಚ್ಚೋಕೆ ಬರ್ದೇ ಇದ್ರೆ ದರ್ಜಿನೇ ಅಲ್ಲ" ಎಂದರು. "ಕೂತ್ಕೋ. ಮೂರು ದಿನದಲ್ಲಿ ನಿನ್ನ ಕೊಳದಲ್ಲಿ ಮೂವತ್ತೇಳು ಥರದ ಹಕ್ಕಿ ನೋಡಿದೀನಿ. ಇಲ್ಲದ ಒಂದನ್ನ ಹುಡುಕ್ತಾ ಇದ್ದವಳಿಗೆ ಇರೋದೆಲ್ಲ ಸಿಕ್ತು."

ಆ ಮೂವತ್ತೇಳರ ಪಟ್ಟಿಯನ್ನು ಅವರೇ ಬರೆದುಕೊಟ್ಟರು. ಇಪ್ಪತ್ತರ ಸಭೆಯಲ್ಲಿ ಇಂಜಿನಿಯರುಗಳು ಮೊದಲು ಕೇಳಿದ್ದು "ಆ ಅಪರೂಪದ ಹಕ್ಕಿ ಎಲ್ಲಿ?" ಎಂದು. ನಾನು ಎದ್ದು, "ಅದು ಬಂದಿರಲಿಲ್ಲ ಸಾರ್, ಬಂದವು ಇಲ್ಲಿವೆ" ಎಂದು ಪಟ್ಟಿ ಇಟ್ಟೆ. ಒಬ್ಬರು ನಕ್ಕರು. ಆಗ ನಮ್ಮ ಸೂಪರ್‌ವೈಸರ್ ಗಂಟಲು ಸರಿಮಾಡಿಕೊಂಡು ಹೇಳಿದರು: "ಇವರು ಬರೆದ ಲಾಗ್ ಪುಸ್ತಕಕ್ಕೆ ಒಂಬತ್ತು ವರ್ಷದಿಂದ ಕಣ್ಣುಮುಚ್ಚಿ ಸಹಿ ಮಾಡ್ತಿದ್ದೀನಿ. ಈಗ ಯಾಕೆ ಅಂತ ಗೊತ್ತಾಯ್ತು."

ಅರ್ಧ ಕೊಳ ಉಳಿಯಿತು, ಮೇಷ್ಟ್ರೇ. ಗೇಟಿನ ಕಡೆಯ ಅರ್ಧಕ್ಕೆ ಮಣ್ಣು ಬೀಳುತ್ತದೆ, ಜೊಂಡಿರುವ ಅರ್ಧ ಹಾಗೇ ಇರುತ್ತದೆ. ಪೂರ್ತಿ ಉಳಿಯಲಿಲ್ಲ ಎಂದು ಒಮ್ಮೊಮ್ಮೆ ಸಂಕಟವಾಗುತ್ತದೆ. ಆದರೆ ಈ ಅರ್ಧವನ್ನು ನಾನು ತಲೆ ಎತ್ತಿಕೊಂಡು ಸುತ್ತಬಹುದು. ಅದಕ್ಕೆ ನಿಮಗೆ ಎಷ್ಟು ವಂದನೆ ಹೇಳಿದರೂ ಸಾಲದು.

ಆಪರೇಟರ್


ಡಿಸೆಂಬರ್ 8

ಮಗಳೇ,

ಇನ್ನು ಹೀಗೇ ಕರೆಯುತ್ತೇನೆ, ಬೇಡವೆನ್ನಬೇಡ. ಇದನ್ನು ನಾನು ಹೇಳುತ್ತಿದ್ದೇನೆ, ತಂಗಿ ಬರೆಯುತ್ತಿದ್ದಾಳೆ. ಈಗ ಕಾರ್ಡುಗಳನ್ನೂ ಅವಳೇ ಓದುತ್ತಾಳೆ. ಮೊದಲ ದಿನ ಸಂಕ್ಷೇಪಗಳನ್ನು ಓದಿ, "ಇದೇನಣ್ಣ, ಎಳೆ ಮಗುವಿಗೆ ಮಾತು ಕಲಿಸಿದ ಹಾಗಿದೆ" ಎಂದು ನಕ್ಕಳು. ನನ್ನ ಜಂಬ ಅಲ್ಲಿಗೇ ಮುಗಿಯಿತು. ಪೂರ್ತಿ ಕುರುಡಾಗುವುದಿಲ್ಲ, ಅಂಚಿನ ನೋಟ ಉಳಿಯುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ರೆಕ್ಕೆ ಆಡಿದ್ದು ತಿಳಿಯುತ್ತದೆ. ಅಷ್ಟಿದ್ದರೆ ಸಾಕು.

ನಿನಗೆ ಹೇಳಬೇಕಾದ ಸುದ್ದಿ ಬೇರೆ ಇದೆ. ಮೊನ್ನೆ ನಮ್ಮ ವರ್ಷದ ಸಭೆ ನಡೆಯಿತು. ತಿದ್ದುಪಡಿಯನ್ನು ನಾನೇ ನಿಂತು ಹೇಳಿದೆ. ಹೇಳಿ ಕೂತೆ. ಈ ಕೆಲಸ ಇನ್ನು ನನಗಿಲ್ಲ ಎಂದೇ ಅಂದುಕೊಂಡೆ.

ಆಗ ಹಲ್ಲಿನ ಡಾಕ್ಟರು ಎದ್ದರು. ನಿನ್ನ ವಿವರಣೆ ಕೇಳಿದ್ದರಲ್ಲ, ಅದೇ ಕಟ್ಟುನಿಟ್ಟಿನ ಮನುಷ್ಯ. "ಹನ್ನೊಂದು ವರ್ಷದ ಹಿಂದೆ ನಾನೊಂದು ಹದ್ದು ಬರೆಸಿದ್ದೆ, ನೆನಪಿದೆಯಾ? ಪಟ್ಟಿಯಲ್ಲಿ ಆ ಜಾತಿ ಅದೊಂದೇ" ಎಂದರು. ನೆನಪಿತ್ತು. "ಅದು ಹದ್ದಲ್ಲ. ಚಿಮಣಿ ಮೇಲೆ ಕೂತಿದ್ದ ಪಾರಿವಾಳ. ಬಿಸಿಲಿಗೆ ದೊಡ್ಡದಾಗಿ ಕಂಡಿತ್ತು. ಮರುದಿನವೇ ಗೊತ್ತಾಯಿತು. ಹೇಳೋಕೆ ಮುಖ ಬರ್ಲಿಲ್ಲ. ಅದನ್ನ ತೆಗೀರಿ."

ಅವರು ಕೂರುವಷ್ಟರಲ್ಲಿ ಬ್ಯಾಂಕಿನವರು ಎದ್ದರು. ಅವರ ಕರಿ ಕೊಕ್ಕರೆ ಹೆಂಡತಿಯ ಅಕ್ಕ ಹೇಳಿದ್ದಂತೆ, ಅವರು ನೋಡಿಯೇ ಇರಲಿಲ್ಲ. ಆಮೇಲೆ ಗಡಿಯಾರ ರಿಪೇರಿಯವರು, ಅವರ ಹಿಂದೆ ಇಬ್ಬರು ಅಕ್ಕತಂಗಿಯರು. ಒಂದೊಂದು ತಪ್ಪೊಪ್ಪಿಗೆಗೂ ಕೋಣೆಯಲ್ಲಿ ನಗು ಜಾಸ್ತಿಯಾಗುತ್ತ ಹೋಯಿತು. ಡಾಕ್ಟರು ಬಿದ್ದುಬಿದ್ದು ನಗುವುದನ್ನು ನಾನು ಮೊದಲು ಕೇಳಿದ್ದು ಅಂದು. ಕೊನೆಗೆ ನಾನೂ ಎದ್ದು ನನ್ನ ಹಸಿರು ಪಾರಿವಾಳವನ್ನು ವಾಪಸು ಕೊಟ್ಟೆ. ವಿಚಾರಣೆಯ ನಡುವೆ ನ್ಯಾಯಾಲಯದ ಕಿಟಕಿಯಿಂದ ಅರೆಗಳಿಗೆ ಕಂಡದ್ದು ಅದು. ಹಸಿರಾಗಿದ್ದದ್ದು ಹಕ್ಕಿಯೋ ಹಿಂದಿನ ಎಲೆಗಳೋ ಇವತ್ತಿಗೂ ಗೊತ್ತಿಲ್ಲ.

ಸಭೆ ಮುಗಿದ ಮೇಲೂ ಯಾರೂ ಹೊರಡಲಿಲ್ಲ. ಇಷ್ಟು ವರ್ಷ ನಾವು ಒಬ್ಬರಿಗೊಬ್ಬರು ಹಕ್ಕಿಗಳ ಎಣಿಕೆ ಮಾತ್ರ ಒಪ್ಪಿಸುತ್ತಿದ್ದೆವು. ಅಂದು ಸಂಜೆ ಮಕ್ಕಳ ಸುದ್ದಿ, ಮಂಡಿನೋವು, ಮನೆಯ ಜಗಳ ಎಲ್ಲ ಬಂತು. ನಿನ್ನ ಬಗ್ಗೆಯೂ ಬಂತು. "ಆ ಹುಡುಗಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸಿ" ಎಂದು ಡಾಕ್ಟರು ಎರಡು ಸಲ ಹೇಳಿದರು.

ನಮ್ಮ ಪಟ್ಟಿಯಲ್ಲಿ ಇನ್ನೂರಿಪ್ಪತ್ತು ಜಾತಿಗಳಿದ್ದವು. ಆರು ಹೋಗಿ ಇನ್ನೂರ ಹದಿನಾಲ್ಕಾಯಿತು. ಗಣತಿ ಶುರುವಾದಾಗಿನಿಂದ ಅದು ಕಡಿಮೆಯಾದದ್ದು ಇದೇ ಮೊದಲು. ಮರುದಿನ ಬೆಳಿಗ್ಗೆ ತಂಗಿ ಹೊಸ ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ನಾನು ಕಣ್ಣು ಮುಚ್ಚಿ ಕೇಳಿದೆ, ಮಗಳೇ. ಅವುಗಳಲ್ಲಿ ಒಂದೊಂದನ್ನೂ ಯಾರೋ ಒಬ್ಬರು ನಿಜವಾಗಿ ನೋಡಿದ್ದರು.